ತಕ್ಕದ್ದು ಹೋಗಿ ಅಂತೆ ಬಂತು

ಕಳೆದ ತಿಂಗಳು ನಮ್ಮ ಬೀದಿಯ ಒಂದು ಮನೆ ಬಾಗಿಲಿಗೆ ಕೋರ್ಟಿನವರು ನೋಟೀಸು ಅಂಟಿಸಿ ಹೋದರು. ಸಾಲದ ವಿಷಯ. ಮನೆಯವರು ಊರಲ್ಲಿರಲಿಲ್ಲ. ಪಕ್ಕದ ಮನೆ ಅಜ್ಜಿ ನನ್ನನ್ನು ಕರೆದು "ಏನಪ್ಪಾ ಅದು, ಸ್ವಲ್ಪ ಓದಿ ಹೇಳು" ಅಂದರು. ಓದಿದೆ. ಅರ್ಥವಾಗಲಿಲ್ಲ, ಮತ್ತೆ ಓದಿದೆ. ಕನ್ನಡದಲ್ಲೇ ಇತ್ತು, ಆದರೆ ಶುರುವಾದ ವಾಕ್ಯ ಮುಕ್ಕಾಲು ಪುಟ ದಾಟಿದರೂ ಮುಗಿಯುತ್ತಿರಲಿಲ್ಲ. ಕೊನೆಗೆ "ಮನೆ ಜಪ್ತಿ ಆಗಿದೆಯಂತೆ ಅಜ್ಜಿ, ಇನ್ನು ಅವರು ಮಾರೋ ಹಾಗಿಲ್ಲವಂತೆ" ಅಂದೆ.

ಅಂದ ಮೇಲೆ ಹೊಳೆಯಿತು. ಆ ಕಾಗದದಲ್ಲಿ ಎಲ್ಲೂ "ಅಂತೆ" ಇರಲಿಲ್ಲ. ಇದ್ದದ್ದು "ತಕ್ಕದ್ದು". ಅಂತೆ ಸೇರಿಸಿದ್ದು ನಾನು.

ಹಳೇ ಗೆಜೆಟ್ಟುಗಳ, ಅಂದರೆ ಸರ್ಕಾರಿ ಪ್ರಕಟಣೆಗಳ ಪತ್ರಿಕೆಗಳ, ಸ್ಕ್ಯಾನ್ ಪ್ರತಿಗಳನ್ನು ರಾತ್ರಿ ಹೊತ್ತು ಸುಮ್ನೆ ತಿರುವಿ ಹಾಕುವುದು ನನಗೊಂದು ಚಟ. ಅದರಲ್ಲೂ 1900ರಿಂದ 1920ರ ನಡುವಿನವು. ಯಾವ ಅಮಲ್ದಾರರಿಗೆ (ತಾಲ್ಲೂಕಿನ ಅಧಿಕಾರಿ, ಈಗಿನ ತಹಶೀಲ್ದಾರರ ಹಾಗೆ) ಎಷ್ಟು ದಿನ ರಜೆ, ಯಾರನ್ನು ಎಲ್ಲಿಗೆ ಎತ್ತಿ ಹಾಕಿದರು, ಎಲ್ಲಿ ಎಷ್ಟು ಮಳೆ ಬಿತ್ತು, ಧಾನ್ಯದ ಧಾರಣೆ ಏನು, ಇಂಥವೇ. ಓದುತ್ತಾ ಓದುತ್ತಾ ನನಗೆ ಯಾವಾಗಲೂ ಒಂದೇ ಪ್ರಶ್ನೆ. ಇದನ್ನೆಲ್ಲ ಅಚ್ಚು ಹಾಕಿದ್ದು ಯಾರಿಗಾಗಿ? ಹಳ್ಳಿಯಲ್ಲಿ ಓದು ಬರುತ್ತಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಊರ ಲೆಕ್ಕ ಬರೆಯುವ ಶಾನುಭೋಗರು, ಮೇಷ್ಟ್ರು, ಪೂಜಾರಪ್ಪ, ಒಬ್ಬಿಬ್ಬರು ಅಂಗಡಿಯವರು. ಉಳಿದವರಿಗೆ ಸರ್ಕಾರ ಅಂದರೆ ಕಾಗದವಲ್ಲ, ಸದ್ದು.

ಸರ್ಕಾರವೂ ಒಂದಿರಲಿಲ್ಲ ಬಿಡಿ. ಮೈಸೂರಿನವರಿಗೆ ಮಹಾರಾಜರ ಸರ್ಕಾರ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರು ಬೊಂಬಾಯಿ ಪ್ರಾಂತ್ಯಕ್ಕೆ. ಮಂಗಳೂರು, ಬಳ್ಳಾರಿ ಮದ್ರಾಸಿಗೆ. ಕಲಬುರ್ಗಿ, ರಾಯಚೂರು, ಬೀದರ ನಿಜಾಮರಿಗೆ, ಅಲ್ಲಿ ಕಚೇರಿಯ ಭಾಷೆಯೇ ಉರ್ದು. ಕೊಡಗು ಇನ್ನೊಂದೇ ಲೆಕ್ಕ. ಬೆಂಗಳೂರಿನದು ಎಲ್ಲಕ್ಕಿಂತ ತಮಾಷೆ. ಪೇಟೆ ಮೈಸೂರು ಸರ್ಕಾರದ್ದು, ದಂಡು ಪ್ರದೇಶ 1881ರಿಂದ 1947ರ ತನಕ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲಿ. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಬೆಳಿಗ್ಗೆ ಪೇಟೆಯಿಂದ ದಂಡಿಗೆ ನಡೆದು ಹೋದವನು ದಾರಿಯಲ್ಲೇ ಸರ್ಕಾರ ಬದಲಾಯಿಸಿಕೊಂಡಿರುತ್ತಿದ್ದ. ಕಾನೂನಿನ ಹೆಸರೂ ಬೇರೆ. ಬ್ರಿಟಿಷರದ್ದು ಆಕ್ಟ್, ಮೈಸೂರಿನದು ರೆಗ್ಯುಲೇಷನ್.

ಆದರೆ ಎಲ್ಲ ಕಡೆಯೂ ಕಚೇರಿಯ ಕನ್ನಡಕ್ಕೆ ಒಂದೇ ಮುಖ. ಸದರಿ, ಮಜಕೂರು, ಹುಕುಂ, ತಕರಾರು, ಜುಲ್ಮಾನೆ, ಮುದ್ದತು, ಷರಾ. ಪಾರಸಿ, ಅರಬ್ಬಿ, ಮರಾಠಿ ಎಲ್ಲ ದಾಟಿ ಬಂದು ಶಾನುಭೋಗರ ಲೇಖನಿಯಲ್ಲಿ ಕೂತ ಮಾತುಗಳು. "ಜಾಹೀರಾತು" ಅಂದರೆ ಈಗ ನಮಗೆ ಸೋಪು, ಶಾಂಪೂ ನೆನಪಾಗುತ್ತದೆ. ಅದರೊಳಗಿರುವುದು "ಜಾಹೀರು", ಎಲ್ಲರೆದುರು ಬಯಲು ಮಾಡುವುದು. "ಬಗರ್ ಹುಕುಂ" ಅಂತ ಇವತ್ತಿಗೂ ಅರ್ಜಿ ಹಾಕುತ್ತೇವೆ. ಹುಕುಂ ಇಲ್ಲದೆ ಮಾಡಿದ ಸಾಗುವಳಿ ಅಂತ ಅರ್ಥ. ಹುಕುಂ ಕೊಡುವವರು ಹೋದರೂ ಮಾತು ಉಳಿಯಿತು ನೋಡಿ.

ಮಾದರಿಗೆ ಆ ಕಾಲದ ಧಾಟಿಯಲ್ಲಿ ನಾನೇ ಒಂದು ನೋಟೀಸು ಕಟ್ಟಿದ್ದೇನೆ. ಅಸಲಿ ಅಲ್ಲ, ನಕಲು ಅಂತಲೇ ಓದಿಕೊಳ್ಳಿ:

"ಮಜಕೂರು ಗ್ರಾಮದ ಸಮಸ್ತ ರೈತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಗ್ರಾಮದ ಸರ್ಕಾರಿ ಕೆರೆಯ ಅಂಗಳದಲ್ಲಿ ಹುಜೂರ್ ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದವರು ಜುಲ್ಮಾನೆಗೆ ಗುರಿಯಾಗುವುದಲ್ಲದೆ ಬೆಳೆಯನ್ನು ಸರ್ಕಾರಕ್ಕೆ ಜಪ್ತು ಮಾಡಲಾಗುವುದಾಗಿಯೂ, ಈ ಬಗ್ಗೆ ಯಾವ ತಕರಾರನ್ನೂ ಕೇಳಲಾಗುವುದಿಲ್ಲವಾಗಿಯೂ ತಿಳಿಯತಕ್ಕದ್ದು."

ಇದು ಅಮಲ್ದಾರರ ಕಚೇರಿಯಿಂದ ಹೋಬಳಿಯ ಶೇಕದಾರರಿಗೆ, ಅಲ್ಲಿಂದ ಪಟೇಲರಿಗೆ, ಶಾನುಭೋಗರಿಗೆ ಬರುತ್ತದೆ. ಚಾವಡಿಯಲ್ಲಿ ಶಾನುಭೋಗರು ಓದುತ್ತಾರೆ. ಒಂದು ಪ್ರತಿ ಚಾವಡಿ ಗೋಡೆಗೆ. ಆಮೇಲೆ ತಮಟೆ ಹಿಡಿದು ನಿಂತವನಿಗೆ ಎರಡು ಮಾತಲ್ಲಿ ಹೇಳುತ್ತಾರೆ. ಅವನು ಬೀದಿಯಲ್ಲಿ ನಾಲ್ಕು ಏಟು ಹೊಡೆದು ಕೂಗುವುದು:

"ಕೇಳ್ರಪ್ಪೋ ಕೇಳ್ರೀ! ಕೆರೆ ಅಂಗಳದಾಗೆ ಯಾರೂ ಬಿತ್ಬಾರ್ದಂತೆ! ಬಿತ್ತಿದ್ರೆ ದಂಡ ಹಾಕ್ತಾರಂತೆ!"

ಕೂಗಿದ್ದೂ ನನ್ನ ಕಲ್ಪನೆಯೇ, ಆದರೆ ಕನ್ನಡ ಬಲ್ಲ ಯಾರೇ ಆಗಲಿ ಅದನ್ನು ಬೇರೆ ಥರ ಕೂಗಲಾರರು ಅನಿಸುತ್ತದೆ. ಬೇರೆಯವರ ಮಾತನ್ನು ದಾಟಿಸುವಾಗ ನಮ್ಮ ನಾಲಿಗೆಗೆ ಅಂತೆ ತಾನಾಗಿ ಬರುತ್ತದೆ. "ನಾನು ಹೇಳ್ತಿಲ್ಲಪ್ಪಾ, ಅವರು ಹೇಳಿದ್ದು" ಅಂತ ಕೈ ತೊಳೆದುಕೊಳ್ಳುವ ಪುಟ್ಟ ಬಾಲ ಅದು. ಮುಕ್ಕಾಲು ಪುಟದ ತಕ್ಕದ್ದು, ತಮಟೆಗೆ ಬರುವ ಹೊತ್ತಿಗೆ ಎರಡು ಅಂತೆ.

ತಮಟೆ ಹಿಡಿದವರು ಯಾರು ಅನ್ನುವುದನ್ನೂ ಹೇಳಬೇಕು. ಹೆಚ್ಚಿನ ಊರುಗಳಲ್ಲಿ ದಲಿತರು. ಊರ ಚಾಕರಿಯ ತೋಟಿ ಕೆಲಸ, ಸಾರುವ ಕೆಲಸ ಅವರ ಪಾಲಿಗೆ ಬಂದದ್ದು. ಸರ್ಕಾರದ ದನಿಯೇ ಆದವನನ್ನು ಊರ ದೇವಸ್ಥಾನದ ಒಳಗೆ ಬಿಡುತ್ತಿರಲಿಲ್ಲ, ಕೆಲವು ಬೀದಿಗಳಿಗೂ ಬಿಡುತ್ತಿರಲಿಲ್ಲ. ರಾಜಾಜ್ಞೆ ಹೊತ್ತು ಬಂದರೂ ದೂರ ನಿಂತೇ ಕೂಗಬೇಕು. ಗೆಜೆಟ್ಟಿನಲ್ಲಿ ಅಮಲ್ದಾರರ ರಜೆಗೂ ಜಾಗ ಇದೆ, ಇವರ ಹೆಸರು ಮಾತ್ರ ನನಗೆ ಒಂದು ಕಡೆಯೂ ಕಂಡಿಲ್ಲ.

ಕೆಲವು ಆಜ್ಞೆಗಳು ಅರ್ಧ ಕಿವಿಗೆ ಬಿದ್ದರೂ ನಷ್ಟವಿರಲಿಲ್ಲ. ಕೆಲವಕ್ಕೆ ಇತ್ತು. ಕಾಡಿನ ವಿಷಯ ತೆಗೆದುಕೊಳ್ಳಿ. ಬೊಂಬಾಯಿ ಪ್ರಾಂತ್ಯದ ಕಾರವಾರ, ಶಿರಸಿ ಕಡೆಗೆ 1878ರ ಅರಣ್ಯ ಕಾಯ್ದೆ, ಮೈಸೂರಿಗೆ 1900ರ ಅರಣ್ಯ ರೆಗ್ಯುಲೇಷನ್. 1878ರ ಕಾಯ್ದೆಯಲ್ಲಿ ಒಂದು ಕಾಡನ್ನು ರಿಸರ್ವ್ ಮಾಡಬೇಕಾದರೆ, ಅಂದರೆ ಸರ್ಕಾರಕ್ಕೆ ಕಾದಿರಿಸಬೇಕಾದರೆ, ಅಧಿಕಾರಿ ಸುತ್ತಲಿನ ಊರುಗಳಲ್ಲಿ ಅಲ್ಲಿನ ಭಾಷೆಯಲ್ಲೇ ಸಾರಬೇಕು, ಈ ಕಾಡಿನಲ್ಲಿ ನಿಮಗೇನಾದರೂ ಹಕ್ಕಿದ್ದರೆ ಬಂದು ಹೇಳಿ ಅಂತ. ಕನಿಷ್ಠ ಮೂರು ತಿಂಗಳ ಗಡುವು. ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಆದರೆ ಗಡುವಿನೊಳಗೆ ಬಂದು ಹೇಳದವರ ಹಕ್ಕು, ತಕ್ಕ ಕಾರಣ ತೋರಿಸದಿದ್ದರೆ, ಅಲ್ಲಿಗೇ ಅಳಿಸಿ ಹೋಗುತ್ತಿತ್ತು. ಅಜ್ಜನ ಕಾಲದಿಂದ ಸೊಪ್ಪು ತಂದವನು, ದನ ಅಟ್ಟಿದವನು, ಜೇನು ಕಿತ್ತವನು, "ಇದು ನನ್ನ ಹಕ್ಕು" ಅಂತ ಯಾವತ್ತೂ ಯೋಚಿಸಿಯೇ ಇರಲಿಲ್ಲ. ಅದು ಅವನಿಗೆ ರೂಢಿ, ಅಷ್ಟೇ. ಸಾರಿದ ದಿನ ಅವನು ಆ ಕಾಡಿನಲ್ಲೇ ಇದ್ದಿರಬಹುದು. ತಮಟೆ ಸದ್ದು ಕಾಡಿನೊಳಗೆ ಎಷ್ಟು ದೂರ ಹೋದೀತು? ಕಾಯ್ದೆಯ ಲೆಕ್ಕದಲ್ಲಿ ಮಾತ್ರ ಅವನಿಗೆ ತಿಳಿದಿದೆ. ಸಾರಿದ್ದಾಗಿದೆ, ಆದ್ದರಿಂದ ಕೇಳಿದ್ದಾಗಿದೆ. ನನಗೆ ಸಿಟ್ಟು ಬರುವುದು ಈ "ಆದ್ದರಿಂದ"ದ ಮೇಲೆ.

ಪ್ಲೇಗಿನ ಕಾಲದ ಕತೆ ಇನ್ನೊಂದು ಥರ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ, ಆಮೇಲೆ ವರ್ಷಗಟ್ಟಲೆ ಬರುತ್ತಾ ಹೋಗುತ್ತಾ ಇತ್ತು. ಅದಕ್ಕೆ ಒಂದು ವರ್ಷ ಮುಂಚೆ, 1897ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಕಾಯ್ದೆ ಅಂದರೆ ನಾಲ್ಕೇ ನಾಲ್ಕು ಕಲಮು. ಸಾರಾಂಶ ಇಷ್ಟು: ಸರ್ಕಾರಕ್ಕೆ ಬೇಕು ಅನಿಸಿದ್ದನ್ನು ಮಾಡಬಹುದು, ಕೇಳದವರಿಗೆ ಶಿಕ್ಷೆ. ಮೈಸೂರು ಸಂಸ್ಥಾನವೂ ತನ್ನದೇ ನಿಯಮ ಮಾಡಿಕೊಂಡಿತು. ಮನೆ ಖಾಲಿ ಮಾಡಿ, ಹೆಂಚು ತೆಗೆದು ಬಿಸಿಲು ಬೀಳಿಸಿ, ಸಾವು ಮುಚ್ಚಿಡಬೇಡಿ, ರೋಗಿಯನ್ನು ಕ್ಯಾಂಪಿಗೆ ಕಳಿಸಿ, ರೈಲು ಇಳಿದವರು ತಪಾಸಣೆಗೆ ನಿಲ್ಲಿ. ಹಳ್ಳಿಗಳಲ್ಲಿ "ಇಲಿ ಬಿತ್ತು" ಅಂದರೆ ಸಾಕು, ಗಂಟುಮೂಟೆ ಕಟ್ಟಿ ಹೊಲದ ಗುಡಿಸಲಿಗೆ ಹೋಗುವುದು. ಇದನ್ನು ಕೊನೆಕೊನೆಗೆ ಜನ ಯಾರ ಅಪ್ಪಣೆಗೂ ಕಾಯದೆ ತಾವೇ ಮಾಡುತ್ತಿದ್ದರು.

ಆದರೆ ಶುರುವಿನಲ್ಲಿ ಜನ ನಂಬಲಿಲ್ಲ. ಯಾಕೆ ನಂಬಬೇಕು? ಕ್ಯಾಂಪಿಗೆ ಹೋದವರು ವಾಪಸು ಬರಲ್ಲವಂತೆ. ಸೂಜಿ ಚುಚ್ಚಿದರೆ ಸಾಯ್ತಾರಂತೆ. ಊರು ಬಿಡಬೇಕಂತೆ. ಇದರಲ್ಲಿ ಯಾವುದು ಸರ್ಕಾರದ ಹುಕುಂ, ಯಾವುದು ಗಾಳಿಮಾತು, ಹೇಳಿ ನೋಡೋಣ. ಮೂರಕ್ಕೂ ಬಾಲ ಒಂದೇ. ಕಾಗದದ ಮೇಲೆ ಮೊಹರು ಇರುತ್ತದೆ, ಸಹಿ ಇರುತ್ತದೆ. ಬಾಯಿಂದ ಬಾಯಿಗೆ ಬರುವಾಗ ಮೊಹರು ಉದುರಿ ಹೋಗುತ್ತದೆ. ಜನ ದಡ್ಡರಾಗಿದ್ದರು, ಅದಕ್ಕೇ ಹೆದರಿದರು ಅಂತ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ಎರಡು ಅಂತೆ ಕೇಳಿದವರು ತಮಗೆ ಹತ್ತಿರದವರು ಹೇಳಿದ ಅಂತೆಯನ್ನು ನಂಬಿದರು. 2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕೊರೊನಾ ನಿಯಮ ಹೊರಡಿಸಿದ್ದು ಅದೇ 1897ರ ಕಾಯ್ದೆ ಹಿಡಿದುಕೊಂಡು. ಆಟೋಗೆ ಮೈಕು ಕಟ್ಟಿಕೊಂಡು ಬೀದಿಬೀದಿ ಸಾರಿದ್ದನ್ನು ನಾವೇ ಕೇಳಿದ್ದೇವೆ, ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಬಂದ ಅಂತೆಗಳನ್ನೂ.

ಅಂತೆಯಿಂದ ಸರ್ಕಾರಕ್ಕೇ ಲಾಭವಾದದ್ದೂ ಉಂಟು. ಖಾನೇಷುಮಾರಿ, ಅಂದರೆ ಜನಗಣತಿ. 1911ರಲ್ಲಿ ಅದು ಒಂದೇ ರಾತ್ರಿಯ ಲೆಕ್ಕ, ಮಾರ್ಚ್ 10ರ ರಾತ್ರಿ. ಮೊದಲೇ ಮನೆ ಮನೆಗೂ ನಂಬರು ಬರೆದು, ಪಟ್ಟಿ ಮಾಡಿಟ್ಟುಕೊಂಡು, ಆ ರಾತ್ರಿ ಯಾರು ಇದ್ದಾರೆ ಯಾರು ಇಲ್ಲ ಅಂತ ಮತ್ತೆ ಹೋಗಿ ನೋಡಿ ತಿದ್ದುವುದು. ದಿನ ಆರಿಸುವಾಗ ಜಾತ್ರೆ, ಹಬ್ಬ ಇರಬಾರದು, ಬೆಳದಿಂಗಳಿರಬೇಕು. ಲಾಟೀನು ಹಿಡಿದು ಕಲ್ಲುಮುಳ್ಳಿನ ದಾರಿಯಲ್ಲಿ ಓಡಾಡುವವರು ಶಾನುಭೋಗರು, ಮೇಷ್ಟ್ರುಗಳು ತಾನೇ. ಸರ್ಕಾರಿ ನೋಟೀಸೊಂದು ಚಂದ್ರನನ್ನು ಕೇಳಿ ಹೊರಟಿತು ಅನ್ನುವುದು ನನಗೆ ತುಂಬ ಇಷ್ಟವಾದ ವಿಷಯ. ಆ ರಾತ್ರಿ ಎಲ್ಲರೂ ಮನೆಯಲ್ಲೇ ಇರಬೇಕು, ದೀಪ ಇಟ್ಟುಕೊಂಡು ಎದ್ದಿರಬೇಕು. ಇಂಥ ಸುದ್ದಿಗೆ ತಮಟೆಯೂ ಜಾಸ್ತಿ ಬೇಕಾಗಿಲ್ಲ. "ರಾತ್ರಿ ಬಂದು ಎಣಿಸ್ತಾರಂತೆ" ಅಂದರೆ ಊರೇ ಎದ್ದು ಕೂರುತ್ತದೆ.

ಇದಕ್ಕೆ ತದ್ವಿರುದ್ಧ ಮೈಸೂರಿನ 1894ರ ಬಾಲ್ಯವಿವಾಹ ತಡೆ ರೆಗ್ಯುಲೇಷನ್. ಹುಡುಗಿಗೆ 8 ವರ್ಷ ತುಂಬುವ ಮುಂಚೆ ಮದುವೆ ಮಾಡಬಾರದು, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಬಾರದು. ಆ ಕಾಲಕ್ಕೆ ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೆ ಜಾತಕ ಬರೆಸುವವರನ್ನು ಬಿಟ್ಟರೆ ಮಗುವಿನ ವಯಸ್ಸು ಲೆಕ್ಕ ಇಟ್ಟವರು ಎಷ್ಟು ಮಂದಿ? "ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು" ಅನ್ನುವ ಲೆಕ್ಕ. ಮೇಲಾಗಿ ಆ ನಿಯಮ ಬೀದಿಗೆ ಬರುವ ಹೊತ್ತಿಗೆ "ಎಂಟಾದ್ಮೇಲೆ ಮಾಡಬಹುದಂತೆ" ಅಂತ ಆಗಿದ್ದರೂ ನನಗೆ ಆಶ್ಚರ್ಯವಿಲ್ಲ.

ಇನ್ನು 1908. ಆ ವರ್ಷ ಎರಡು ಕಾನೂನು. ಒಂದು ಮೈಸೂರಿನ ಪತ್ರಿಕೆಗಳ ರೆಗ್ಯುಲೇಷನ್, ದಿವಾನ್ ವಿ. ಪಿ. ಮಾಧವರಾಯರ ಕಾಲದ್ದು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ಹೊರಡಿಸುವ ಹಾಗಿಲ್ಲ. ತಾತಯ್ಯ ಅಂತಲೇ ಹೆಸರಾದ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರು ಇದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂತೆಗೆ ಒಂದು ಅಚ್ಚಾದ ಉತ್ತರ ಸಿಗುವ ಜಾಗ ಪತ್ರಿಕೆಯೊಂದೇ ಆಗಿತ್ತು, ಅದಕ್ಕೂ ಬೀಗ.

ಎರಡನೆಯದು ಬ್ರಿಟಿಷ್ ಇಂಡಿಯಾದ ಸಿವಿಲ್ ಪ್ರೊಸೀಜರ್ ಕೋಡ್. ಇದು ಇವತ್ತಿಗೂ ನಮ್ಮ ಕೋರ್ಟುಗಳಲ್ಲಿ ನಡೆಯುತ್ತಿರುವ ಕಾನೂನು. ಅದರ 21ನೇ ಆರ್ಡರಿನ 54ನೇ ರೂಲು ಸ್ಥಿರಾಸ್ತಿ ಜಪ್ತಿಯದು. ಜಪ್ತಿಯ ಆಜ್ಞೆಯನ್ನು ಆ ಜಾಗದಲ್ಲೋ ಪಕ್ಕದಲ್ಲೋ ಡಂಗುರ ಹೊಡೆದು, ಇಲ್ಲವೇ ಅಲ್ಲಿ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು, ಪ್ರತಿಯನ್ನು ಎದ್ದು ಕಾಣುವ ಕಡೆ ಅಂಟಿಸಬೇಕು, ಇನ್ನೊಂದು ಪ್ರತಿ ಕೋರ್ಟಿನ ಗೋಡೆಗೆ. ಡಂಗುರ ಇನ್ನೂ ಕಾನೂನಿನಲ್ಲಿದೆ.

ಅಂದರೆ ನಮ್ಮ ಬೀದಿಯ ಆ ಮನೆ ಮುಂದೆಯೂ ಹೊಡೆದಿರಬೇಕಿತ್ತಲ್ಲ. ಅಂಟಿಸಲು ಬಂದ ಕೋರ್ಟಿನ ಅಮೀನರನ್ನು ನಾನು ನೋಡಿದ್ದೆ. ಕಂಕುಳಲ್ಲಿ ಫೈಲು, ಕೈಯಲ್ಲಿ ಗೋಂದಿನ ಬಾಟಲಿ, ಜೊತೆಗೊಬ್ಬ ಹುಡುಗ ಮೊಬೈಲಲ್ಲಿ ಫೋಟೋ ತೆಗೆಯುತ್ತಿದ್ದ. ತಮಟೆ ಕಾಣಲಿಲ್ಲ. ವಕೀಲಿಕೆ ಮಾಡುವ ಗೆಳೆಯನೊಬ್ಬನಿಗೆ ಫೋನ್ ಹಚ್ಚಿ ಕೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಹಳ್ಳಿ ಕಡೆ ಕೆಲವೊಮ್ಮೆ ನಿಜವಾಗಿಯೂ ಹೊಡೆಸುತ್ತಾರಂತೆ. ಉಳಿದ ಕಡೆ ವರದಿಯಲ್ಲಿ "ಟಾಂ ಟಾಂ ಮಾಡಿಸಿದೆ" ಅಂತ ಒಂದು ಸಾಲು ಇರುತ್ತದಂತೆ. ಅದಕ್ಕೆ ಬೇರೆ ಖರ್ಚೂ ಕಟ್ಟಬೇಕಂತೆ.