ತೀರಿಕೊಂಡದ್ದು ಯಾವ ಇಸವಿ?

ಉಡುಪಿಯಲ್ಲಿ ವಕೀಲಿಕೆ ಶುರು ಮಾಡಿದ ಹೊಸತರಲ್ಲಿ ಒಂದು ಪಾಲಿನ ದಾವೆಯ ಫೈಲು ನನ್ನ ಕೈಗೆ ಬಂತು. ಅಳಿಯಸಂತಾನದ ಮನೆ, ಅಂದರೆ ವಂಶ, ಆಸ್ತಿ ಎರಡೂ ಹೆಂಗಸರ ಕಡೆಯಿಂದ ಇಳಿಯುವ ಕುಟುಂಬ. ತಾಯಿ ಇಲ್ಲದ, ಅಕ್ಕತಂಗಿಯರೂ ಇಲ್ಲದ ಒಬ್ಬ ಗಂಡಸು ತೀರಿಹೋಗಿದ್ದರು, ಅವರ ಮಕ್ಕಳು ಪಾಲು ಕೇಳುತ್ತಿದ್ದರು. ಅವರದ್ದು ನಿಸ್ಸಂತತಿ ಕವರು (ಸಂತತಿ ಮುಂದುವರಿಸುವ ಹೆಂಗಸರಿಲ್ಲದ ಕುಟುಂಬದ ಕವಲು), ಬದುಕಿದ್ದಷ್ಟು ದಿನದ ಹಕ್ಕು ಮಾತ್ರ, ಮಕ್ಕಳಿಗೆ ಏನೂ ಬರುವುದಿಲ್ಲ ಅಂತ ಎದುರಿನವರ ವಾದ.

ತೀರ್ಪುಗಳು ಸಿಗುವ ಇಂಡಿಯನ್ ಕಾನೂನ್ ವೆಬ್‌ಸೈಟಿನಲ್ಲಿ 'ನಿಸ್ಸಂತತಿ ಕವರು' ಅಂತ ಹುಡುಕಿ, ಸಿಕ್ಕಿದ ತೀರ್ಪುಗಳನ್ನೆಲ್ಲ ಪ್ರಿಂಟ್ ತೆಗೆದು ಸೀನಿಯರ್ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ.

"ಅದಿರಲಿ ಮಾರಾಯ್ತಿ, ಅವರು ತೀರಿಕೊಂಡದ್ದು ಯಾವ ಇಸವಿ?"

ನನಗೆ ಗೊತ್ತಿರಲಿಲ್ಲ.

ನಮ್ಮ ಕಡೆಯ ಆಸ್ತಿ ವ್ಯಾಜ್ಯಗಳಲ್ಲಿ ಇಸವಿಯೇ ಅರ್ಧ ಉತ್ತರ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದವರು. 1949ರಲ್ಲಿ ಅಳಿಯಸಂತಾನಕ್ಕೆ ಅಂತಲೇ ಮದ್ರಾಸ್ ಮಾಡಿದ ಕಾಯಿದೆ, ರಾಜ್ಯ ಬದಲಾದ ಮೇಲೂ ಇಲ್ಲಿ ಉಳಿಯಿತು. ಐವತ್ತು ತುಂಬದ ಒಬ್ಬ ಹೆಂಗಸೂ ಇಲ್ಲದ ಕವರು ಅದರ ಪ್ರಕಾರ ನಿಸ್ಸಂತತಿ. ಅಷ್ಟರಲ್ಲಿ 1956ರ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅದರ 7(2)ನೇ ಸೆಕ್ಷನ್ ಅಳಿಯಸಂತಾನದವರಿಗೇ ಇರುವುದು. ಆಮೇಲೆ ತೀರಿಕೊಂಡವರಿಗೆ, ಪಾಲಾಗದೆ ಉಳಿದ ಆಸ್ತಿಯಲ್ಲಿ, ಸಾಯುವ ಮೊದಲೇ ತಲೆಗೊಂದರಂತೆ ಪಾಲಾಗಿತ್ತು ಅಂತ ಲೆಕ್ಕ ಹಿಡಿಯಬೇಕು, ಆ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ.

ಪಂಚಾಯಿತಿಯಿಂದ ಮರಣ ಪ್ರಮಾಣಪತ್ರ ತರಿಸಿದೆ. 1971.

ಆಮೇಲೆ ನಾನು ತಂದ ಕಟ್ಟನ್ನೇ ಮತ್ತೆ ಬಿಚ್ಚಿದೆ. 'ಸುಂದರಿ ವಿರುದ್ಧ ಲಕ್ಷ್ಮಿ' ಅದರಲ್ಲೇ ಇತ್ತು, ಇದೇ ಪ್ರಶ್ನೆಗೆ ಸುಪ್ರೀಂ ಕೋರ್ಟು ಕೊಟ್ಟ ಉತ್ತರ, ತೀರ್ಪುಗಳ ವರದಿ ಎಐಆರ್‌ನ 1980ರ ಸಂಪುಟದಲ್ಲಿ ಬಂದದ್ದು. ನಾನು ಅದರ ಹೆಡ್‌ನೋಟ್, ಅಂದರೆ ತೀರ್ಪಿನ ಮೇಲೆ ಕೊಡುವ ಸಾರಾಂಶ, ಮಾತ್ರ ಓದಿ ಕೆಳಗೆ ಸೇರಿಸಿದ್ದೆ! ಹೆಡ್‌ನೋಟ್ ಬರೆಯುವುದು ವರದಿಯ ಸಂಪಾದಕರು, ನ್ಯಾಯಾಧೀಶರಲ್ಲ. ಕಾಲೇಜಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೆ, ಆದರೂ ಕೆಲಸದ ಗಡಿಬಿಡಿಯಲ್ಲಿ ಎಲ್ಲರೂ ಮಾಡುವ ತಪ್ಪು ಇದೇ ಅಲ್ವಾ? ಪೂರ್ತಿ ಓದಿದರೆ ಮಾತ್ರ ಯಾವ ಸಂಗತಿಯ ಮೇಲೆ ತೀರ್ಮಾನ ನಿಂತಿದೆ, ಯಾವುದು ಮಾತಿಗೆ ಮಾತು ಬಂದು ಹೇಳಿದ್ದು ಅಂತ ಗೊತ್ತಾಗುತ್ತದೆ. ಆಮೇಲೆ ಅದನ್ನು ಮುಂದಿನ ಯಾವ ತೀರ್ಪಾದರೂ ಬದಲಿಸಿದೆಯಾ ಅಂತಲೂ ನೋಡಬೇಕು, ಅದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು.

ಈಗ ಪಾಲಿನ ಫೈಲು ಬಂದರೆ ಮೊದಲು ಕಂಪ್ಯೂಟರ್ ತೆರೆಯುವುದಿಲ್ಲ. ಮನೆಯ ಹಿರಿಯ ಹೆಂಗಸರ ಹತ್ತಿರ ಕೂತು ವಂಶವೃಕ್ಷ ಬರೆಯುತ್ತೇನೆ, ಒಂದೊಂದು ಹೆಸರಿನ ಪಕ್ಕದಲ್ಲೂ ಹುಟ್ಟಿದ, ಸತ್ತ ಇಸವಿ.