ಟ್ಯಾರೋ ಯಹೂದಿಗಳದ್ದಾ?

ನಾನು ಯಹೂದಿಗಳ ಅನುಭಾವ ಪರಂಪರೆಯಾದ ಕಬ್ಬಾಲಾ ಬಗ್ಗೆ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಭವಿಷ್ಯ ಹೇಳುವ ಟ್ಯಾರೋ ಕಾರ್ಡು ಯಹೂದಿಗಳ ಗುಪ್ತವಿದ್ಯೆಯಿಂದ ಬಂದದ್ದಂತೆ, ಹೌದಾ?"

ಅಲ್ಲ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಶ್ರೀಮಂತರ ಇಸ್ಪೀಟಾಟವಾಗಿ. ನಮ್ಮ ಆಟದಲ್ಲಿ ತುರುಪು ಇರುತ್ತಲ್ವಾ, ಹಾಗೇ ಅಲ್ಲಿ 21 ಚಿತ್ರದ ಎಲೆಗಳು ತುರುಪು. ಜೊತೆಗೆ 'ಪೆದ್ದ' ಎಂಬ ಒಂದು ಎಲೆ. ಒಟ್ಟು 22.

ಎಡವಟ್ಟು ಶುರುವಾಗಿದ್ದು ಈ 22ರಿಂದ. ಹೀಬ್ರೂ ಅಕ್ಷರಗಳೂ 22. ದೇವರು ಈ ಅಕ್ಷರಗಳು ಮತ್ತು ಸೆಫಿರೋತ್ ಎಂಬ 10 ಮೂಲತತ್ತ್ವಗಳಿಂದ ಲೋಕ ಕಟ್ಟಿದ ಅನ್ನುತ್ತದೆ 'ಸೆಫೆರ್ ಯೆತ್ಸಿರಾ' ಎಂಬ ಹಳೆಯ ಪುಟ್ಟ ಗ್ರಂಥ. ಬೀಜಾಕ್ಷರದ ಮಾತು ಕೇಳಿದ ನಮಗೆ ಇದು ತೀರಾ ಹೊಸದೇನಲ್ಲ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಹೊರತಂದ ಸಂಪುಟವೊಂದರಲ್ಲಿ ಎಲೆಗೂ ಅಕ್ಷರಕ್ಕೂ ಗಂಟು ಬಿತ್ತು. ಅದನ್ನು ಬಿಗಿ ಮಾಡಿದವನು ಗುಪ್ತವಿದ್ಯೆಯ ಲೇಖಕ ಎಲಿಫಾಸ್ ಲೆವಿ, 1850ರ ದಶಕದಲ್ಲಿ. ಹೆಸರು ಹೀಬ್ರೂ, ಆಸಾಮಿ ಮಾತ್ರ ಕ್ಯಾಥೊಲಿಕ್ ಪಾದ್ರಿಯಾಗಲು ಓದಿದ್ದ ಫ್ರೆಂಚಿನವ!

ಹಾಗಂತ ಯುರೋಪಿನ ಗುಪ್ತವಿದ್ಯೆಗೆ ಕಬ್ಬಾಲಾದ ಸಾಲವೇ ಇಲ್ಲ ಅನ್ನುವಂತಿಲ್ಲ. ಇಟಲಿಯ ಕ್ರೈಸ್ತ ವಿದ್ವಾಂಸ ಪೀಕೊ ದೆಲ್ಲಾ ಮಿರಾಂದೊಲಾ ಹೀಬ್ರೂ ಗ್ರಂಥಗಳನ್ನು ಲ್ಯಾಟಿನ್‌ಗೆ ಮಾಡಿಸಿಕೊಂಡು ಓದಿದ. 1486ರಲ್ಲಿ ಅವುಗಳಿಂದಲೇ ಕ್ರೈಸ್ತ ಧರ್ಮವನ್ನು ಸಾಧಿಸಲು ಹೊರಟ. ಅಲ್ಲಿಂದಾಚೆ ಹೊರಗಿನವರಿಗೆ ಹೆಚ್ಚಾಗಿ ಸಿಕ್ಕಿದ್ದು ಲ್ಯಾಟಿನ್ ಕಬ್ಬಾಲಾ. ಯಹೂದಿಗಳಲ್ಲಿ ಕಬ್ಬಾಲಾ ಅವರ ಧರ್ಮಗ್ರಂಥ ತೋರಾ, ಪ್ರಾರ್ಥನೆ, ದಿನದ ಕಟ್ಟಳೆಗಳ ಜೊತೆ ಬೆಸೆದುಕೊಂಡಿತ್ತು. ಸಾಲ ತಂದವರು ಅಕ್ಷರ, ಸೆಫಿರೋತ್‌ಗಳ ನಕ್ಷೆ ಇಟ್ಟುಕೊಂಡರು, ಕಟ್ಟಳೆ ಬಿಟ್ಟರು. ನನಗೆ ಬೇಜಾರು ಸಾಲ ತಂದದ್ದಕ್ಕಲ್ಲ. ತಂದದ್ದನ್ನು ಪುರಾತನ ರಹಸ್ಯ ಅಂತ ಮಾರಿದ್ದಕ್ಕೆ.

ಪುರಾತನವಾಗಿದ್ದರೆ ಎಲ್ಲರೂ ಒಂದೇ ಲೆಕ್ಕ ಹೇಳಬೇಕಿತ್ತು. ಲೆವಿ ಮೊದಲ ಅಕ್ಷರ ಆಲೆಫನ್ನು 'ಜಾದೂಗಾರ' ಎಂಬ ಎಲೆಗೆ ಕೊಟ್ಟ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಪಂಗಡ ಅದನ್ನು ಕಿತ್ತು ಪೆದ್ದನಿಗೆ ಕೊಟ್ಟಿತು. ಆಮೇಲೆ 12 ಅಕ್ಷರಗಳಿಗೆ ಒಂದೊಂದು ರಾಶಿ ಹೊಂದಿಸಲು ಹೋದರೆ, ತಕ್ಕಡಿ ಹಿಡಿದ 'ನ್ಯಾಯ' ಸಿಂಹ ರಾಶಿಗೆ ಬಂತು, ಸಿಂಹದ ಚಿತ್ರವಿರುವ 'ಶಕ್ತಿ' ತುಲಾ ರಾಶಿಗೆ! ಸುಮ್ನೆ ಎರಡನ್ನೂ ಅದಲುಬದಲು ಮಾಡಿದರು. 1909ರಲ್ಲಿ ಬಂದ ರೈಡರ್-ವೇಟ್ ಎಂಬ ಟ್ಯಾರೋ ಕಟ್ಟಿನಲ್ಲೂ ಅದೇ ಉಳಿಯಿತು. ಫ್ರಾನ್ಸಿನ ಹಳೆಯ ಮಾರ್ಸೇ ಕಟ್ಟಿನಲ್ಲಿ 'ನ್ಯಾಯ'ದ ಸಂಖ್ಯೆ 8, 'ಶಕ್ತಿ'ಯದು 11. ನಿಮ್ಮ ಹತ್ತಿರ ಇರುವ ಕಟ್ಟಿನಲ್ಲಿ ಎಷ್ಟಿದೆ, ತೆಗೆದು ನೋಡಿ.