ಎಂಟನೆಯ ಆಳು: ಬಡ್ ಫಾಸ್ಟರ್ ಅವರ ಡಿಫೆನ್ಸ್ ಓದುವ ಬಗೆ

ಹೆಡ್ ಕೋಚ್ ಒಬ್ಬರ ಸಾಧನೆಯನ್ನು ಒಂದೇ ಸಾಲಿನಲ್ಲಿ ಬರೆದುಬಿಡಬಹುದು: ಇಷ್ಟು ಗೆಲುವು, ಇಷ್ಟು ಸೋಲು. ಸಹಾಯಕ ಕೋಚ್‌ಗೆ ಆ ಸಾಲೇ ಇಲ್ಲ. ದಾಖಲೆ ಪುಸ್ತಕದಲ್ಲಿ ಗೆಲುವು ಬೇರೆಯವರ ಹೆಸರಿಗೆ ಹೋಗುತ್ತದೆ. ಅವರ ಕೆಲಸ ತಿಳಿಯಬೇಕಾದರೆ ಪಂದ್ಯಗಳನ್ನೇ ಬಿಚ್ಚಿ ನೋಡಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹಾಗೆ ಬಿಚ್ಚಿ ನೋಡಲು ವರ್ಜೀನಿಯಾ ಟೆಕ್‌ನ ಬಡ್ ಫಾಸ್ಟರ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. 1987ರಿಂದ 2019ರವರೆಗೆ 33 ಋತು ಒಂದೇ ವಿಶ್ವವಿದ್ಯಾಲಯ, ಅದರಲ್ಲಿ 1995ರಿಂದ 25 ಋತು ಡಿಫೆನ್ಸ್‌ನ ಹೊಣೆ. ಹೆಡ್ ಕೋಚ್ ಆಗದೆಯೇ ನಿವೃತ್ತರಾದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೊಟ್ಟೆಯಾಕಾರದ ಚೆಂಡಿನ ಆಟ, ಒಂದೊಂದು ಕಡೆ 11 ಜನ. ಚೆಂಡು ಇರುವವರಿಗೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಎಂದು ಹೆಸರು. ಚೆಂಡು ಹಿಡಿದು ಓಡಬಹುದು, ಇಲ್ಲವೇ ಮುಂದಕ್ಕೆ ಎಸೆಯಬಹುದು. ತಡೆಯುವ 11 ಜನರನ್ನು ಎಲ್ಲಿ ನಿಲ್ಲಿಸಬೇಕು, ಯಾರು ಯಾರನ್ನು ನೋಡಿಕೊಳ್ಳಬೇಕು ಎಂದು ಪ್ರತಿ ಡೌನ್‌ಗೂ ಮುನ್ನ ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸುವವರು ಡಿಫೆನ್ಸಿವ್ ಕೋಆರ್ಡಿನೇಟರ್.

ಫಾಸ್ಟರ್ ಆಡಿದ್ದು ಕೆಂಟಕಿಯ ಮರ್ರೇ ಸ್ಟೇಟ್‌ನಲ್ಲಿ. ಅವರು ಅಲ್ಲಿ ಆಡುವಾಗ ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ಫ್ರಾಂಕ್ ಬೀಮರ್. 1981ರಲ್ಲಿ ಬೀಮರ್ ಅಲ್ಲಿ ಹೆಡ್ ಕೋಚ್ ಆದರು, ಫಾಸ್ಟರ್ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿ ಸೇರಿಕೊಂಡರು. ಈ ಕೆಲಸದಲ್ಲಿ ಅದೇ ಮೊದಲ ಮೆಟ್ಟಿಲು: ಎದುರಾಳಿಯ ವಿಡಿಯೋ ಕತ್ತರಿಸುವುದು, ಯಾವ ಡೌನ್‌ನಲ್ಲಿ ಎಷ್ಟು ಗಜ ಬೇಕಿದ್ದಾಗ ಏನು ಆಡಿದರು ಎಂದು ಪಟ್ಟಿ ಮಾಡುವುದು, ಅಭ್ಯಾಸದಲ್ಲಿ ಎದುರಾಳಿಯ ಆಟವನ್ನು ಕಾರ್ಡಿನಲ್ಲಿ ಬರೆದು ಎರಡನೆಯ ತಂಡದಿಂದ ಆಡಿಸುವುದು. 1987ರ ಋತುವಿಗೆ ಬೀಮರ್ ವರ್ಜೀನಿಯಾ ಟೆಕ್‌ಗೆ ಬಂದಾಗ ಫಾಸ್ಟರ್ ಅವರನ್ನೂ ಕರೆತಂದು ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳನ್ನು ಒಪ್ಪಿಸಿದರು.

ಮೊದಲ ವರ್ಷಗಳು ಕಷ್ಟದವು. 1992ರಲ್ಲಿ ತಂಡ ಗೆದ್ದಿದ್ದು 2, ಸೋತಿದ್ದು 8, ಸಮ ಮಾಡಿಕೊಂಡಿದ್ದು 1. ಆಮೇಲೆ ಡಿಫೆನ್ಸ್‌ನ ರಚನೆಯನ್ನೇ ಬದಲಿಸಿದರು: ಮುಂದೆ ಎಂಟು ಜನ, ಕಾಯುತ್ತ ನಿಲ್ಲುವ ಬದಲು ಮೇಲೆ ಬೀಳುವ ಶೈಲಿ. ಮರುವರ್ಷ 9 ಗೆಲುವು, 3 ಸೋಲು. 1995ರಲ್ಲಿ ಫಾಸ್ಟರ್ ಮತ್ತು ರಾಡ್ ಶಾರ್ಪ್‌ಲೆಸ್ ಜಂಟಿಯಾಗಿ ಕೋಆರ್ಡಿನೇಟರ್ ಆದರು. ಆ ಋತುವಿನ ಮೊದಲ ಎರಡು ಪಂದ್ಯ ಸೋತ ತಂಡ ಮುಂದಿನ ಹತ್ತನ್ನೂ ಗೆದ್ದಿತು, ಕೊನೆಯದು, ಋತುವಿನ ಕೊನೆಗೆ ನಡೆಯುವ ಬೌಲ್ ಎಂಬ ವಿಶೇಷ ಪಂದ್ಯಗಳಲ್ಲೊಂದಾದ ಶುಗರ್ ಬೌಲ್‌ನಲ್ಲಿ, ಟೆಕ್ಸಸ್ ವಿರುದ್ಧ 28-10. ಮರುವರ್ಷದಿಂದ ಹೊಣೆ ಫಾಸ್ಟರ್ ಒಬ್ಬರದೇ.

ಈಗ ಆ ಎಂಟರ ಲೆಕ್ಕಕ್ಕೆ ಬರೋಣ. ಫಾಸ್ಟರ್ ಅವರ ಇಡೀ ವೃತ್ತಿ ಈ ಲೆಕ್ಕದ ಮೇಲೆ ನಿಂತಿದೆ.

ದಾಳಿಯ ಸಾಲಿನಲ್ಲಿ ಐದು ಜನ ನಿಂತರೆ ಅವರ ನಡುವೆ ನಾಲ್ಕು, ಎರಡು ತುದಿಗಳಲ್ಲಿ ಒಂದೊಂದು, ಓಟಗಾರ ನುಗ್ಗಲು ಒಟ್ಟು ಆರು ಸಂದು. ಟೈಟ್ ಎಂಡ್ ಎಂಬ ಇನ್ನೊಬ್ಬ ಆ ಸಾಲಿನ ಪಕ್ಕಕ್ಕೆ ನಿಂತರೆ ಏಳು. ಓಟಗಾರನ ಮುಂದೆ ದಾರಿ ಬಿಡಿಸಲು ಫುಲ್‌ಬ್ಯಾಕ್ ಒಬ್ಬ ನುಗ್ಗಿದರೆ ಎಂಟನೆಯ ಸಂದು ಹುಟ್ಟುತ್ತದೆ, ಅದೂ ಎಲ್ಲಿ ಹುಟ್ಟುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಏಳು ಜನ ನಿಲ್ಲಿಸಿದ ಡಿಫೆನ್ಸ್‌ಗೆ ಯಾವಾಗಲೂ ಒಬ್ಬ ಕಡಿಮೆ. ಎಂಟು ಜನ ನಿಂತರೆ ಸಂದಿಗೊಬ್ಬರು ಸಿಗುತ್ತಾರೆ, ದಾಳಿಯಲ್ಲಿ ಅಡ್ಡ ಹಾಯುವವರು ಏಳೇ ಆದ್ದರಿಂದ ಒಬ್ಬ ಯಾರ ಕೈಗೂ ಸಿಗದೆ ಉಳಿಯುತ್ತಾನೆ.

ಟೆಕ್‌ನ ಎಂಟು ಜನ ಇವರು: ಸಾಲಿನಲ್ಲಿ ನಾಲ್ವರು, ಹಿಂದೆ ಮೈಕ್ ಮತ್ತು ಬ್ಯಾಕರ್ ಎಂಬ ಇಬ್ಬರು ಲೈನ್‌ಬ್ಯಾಕರ್‌ಗಳು, ಅಂಚುಗಳಲ್ಲಿ ವಿಪ್ ಮತ್ತು ರೋವರ್. ಈ ಕೊನೆಯ ಇಬ್ಬರು ಅರ್ಧ ಲೈನ್‌ಬ್ಯಾಕರ್, ಅರ್ಧ ಸೇಫ್ಟಿ (ಹಿಂದೆ ನಿಂತು ಆಳ ಕಾಯುವವರು). ಓಟ ಬಂದರೆ ಅಂಚು ಮುಚ್ಚಬೇಕು, ಪಾಸ್ ಬಂದರೆ ಹಿಂದೆ ಸರಿದು ಪಾಸ್ ಹಿಡಿಯುವ ರಿಸೀವರ್‌ಗಳಲ್ಲಿ ಹತ್ತಿರದವರನ್ನು ನೋಡಿಕೊಳ್ಳಬೇಕು. ಉಳಿದ ಮೂವರಲ್ಲಿ ಇಬ್ಬರು ಅಂಚಿನ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್, ಒಬ್ಬ ಫ್ರೀ ಸೇಫ್ಟಿ. ರಾಬರ್ (ದರೋಡೆಕೋರ) ಎಂಬ, ಪಾಸ್ ಕಾಯುವ ಏರ್ಪಾಡಿನಲ್ಲಿ ಮೈದಾನದ ಆಳವನ್ನು ಎರಡು ಪಾಲು ಮಾಡಿ ಕಾರ್ನರ್‌ಗಳಿಗೆ ಒಪ್ಪಿಸುತ್ತಿದ್ದರು. ಫ್ರೀ ಸೇಫ್ಟಿ ಸುಮಾರು 10 ಗಜ ಹಿಂದೆ ಕಾಲು ಕೀಳದೆ ನಿಂತು ಮೊದಲು ಓಟವೋ ಪಾಸೋ ಎಂದು ಓದುತ್ತಾನೆ. ಓಟವಾದರೆ ನುಗ್ಗುತ್ತಾನೆ, ಪಾಸ್ ಆದರೆ ಮಧ್ಯದೂರದಲ್ಲಿ ಒಳಕ್ಕೆ ತಿರುಗುವ ರಿಸೀವರ್‌ನ ದಾರಿಗೆ ಹಾರಿ ಚೆಂಡು ಕದಿಯುತ್ತಾನೆ. ಹೆಸರು ಬಂದದ್ದು ಅದರಿಂದಲೇ.

ಇದಕ್ಕೆ ತೆರಬೇಕಾದ ಬೆಲೆಯೂ ಸ್ಪಷ್ಟ. ಕಾರ್ನರ್‌ಗಳಿಗೆ ಹಿಂದೆ ಆಸರೆ ಇಲ್ಲ. ಓಟದಂತೆ ನಟಿಸಿ ಎಸೆಯುವ ಪ್ಲೇ ಆಕ್ಷನ್‌ನಲ್ಲಿ ಫ್ರೀ ಸೇಫ್ಟಿಯ ಕಣ್ಣಿಗೆ ಮಣ್ಣೆರಚಿದರೆ ನಡುವಿನ ಆಳ ಬಟ್ಟಬಯಲು. ಒಂದು ಹೆಜ್ಜೆ ತಪ್ಪಿದರೆ ಹೋಗುವುದು 10 ಗಜವಲ್ಲ, ಚೆಂಡು ಮೈದಾನದ ಕೊನೆಯ ಗೆರೆ ದಾಟುವ ಇಡೀ ಟಚ್‌ಡೌನ್.

1999ರ ಋತುವಿನಲ್ಲಿ ಈ ಎರಡೂ ಮುಖ ಕಂಡವು. ಮೈಕಲ್ ವಿಕ್ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವವರು) ಆಗಿದ್ದ ಆ ತಂಡ 11 ಪಂದ್ಯ ಸೋಲದೆ ರಾಷ್ಟ್ರೀಯ ಪಟ್ಟದ ಪಂದ್ಯಕ್ಕೆ ಬಂತು. ಎಲ್ಲರ ನೆನಪಿನಲ್ಲಿ ಉಳಿದಿರುವುದು ವಿಕ್. ಆದರೆ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಡಿಫೆನ್ಸ್ ಕೂಡ ಅದೇ ತಂಡದ್ದು. ಸಾಲಿನ ತುದಿಯಲ್ಲಿ ಆಡಿದ ಕೋರಿ ಮೂರ್ ಆ ಸ್ಥಾನಕ್ಕೆ ತೀರ ಸಣ್ಣ ಮೈಕಟ್ಟಿನವರು, ಆದರೂ ಆ ವರ್ಷ 17 ಸ್ಯಾಕ್ ಮಾಡಿ, ಅಂದರೆ ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿ, ಲೊಂಬಾರ್ಡಿ ಮತ್ತು ನಗರ್ಸ್ಕಿ ಪ್ರಶಸ್ತಿ ಎರಡನ್ನೂ ಪಡೆದರು. ಟೆಕ್‌ನ ಪದ್ಧತಿಯೇ ಅದು: ಸೇಫ್ಟಿಯಂಥವರನ್ನು ಲೈನ್‌ಬ್ಯಾಕರ್ ಮಾಡುವುದು, ಲೈನ್‌ಬ್ಯಾಕರ್‌ನಂಥವರನ್ನು ಸಾಲಿನ ತುದಿಗೆ ತರುವುದು. ಪ್ರತಿ ಸ್ಥಾನದಲ್ಲೂ ತೂಕ ಸ್ವಲ್ಪ ಕಡಿಮೆ, ವೇಗ ಹೆಚ್ಚು. ಹೆಸರಾಂತ ಆಟಗಾರರನ್ನು ದೊಡ್ಡ ವಿಶ್ವವಿದ್ಯಾಲಯಗಳು ಮೊದಲೇ ಸೆಳೆದುಕೊಂಡ ಮೇಲೆ ಉಳಿದವರಲ್ಲಿ ಆರಿಸಬೇಕಾದ ತಂಡಕ್ಕೆ ಇದಕ್ಕಿಂತ ಜಾಣ ದಾರಿ ಇರಲಿಲ್ಲ.

2000ದ ಜನವರಿ 4ರಂದು ಶುಗರ್ ಬೌಲ್‌ನಲ್ಲಿ ಎದುರಾದದ್ದು ಫ್ಲೋರಿಡಾ ಸ್ಟೇಟ್. ಮೂರನೆಯ ಕ್ವಾರ್ಟರ್ ಮುಗಿದಾಗ ಟೆಕ್ 29-28ರಿಂದ ಮುಂದಿತ್ತು. ಸೋತದ್ದು 46-29ರಿಂದ. ಕ್ರಿಸ್ ವೈಂಕಿ ನಾಲ್ಕು ಟಚ್‌ಡೌನ್ ಪಾಸ್ ಎಸೆದರು. ಪೀಟರ್ ವಾರಿಕ್ ಹಿಡಿದ ಎರಡು ಟಚ್‌ಡೌನ್‌ಗಳು 64 ಮತ್ತು 43 ಗಜದವು. ಆಸರೆಯಿಲ್ಲದ ಕಾರ್ನರ್ ಎದುರು ದೇಶದ ಅತ್ಯುತ್ತಮ ರಿಸೀವರ್ ನಿಂತರೆ ಏನಾಗುತ್ತದೆ ಎಂಬುದು ಆ ಎರಡು ಪಾಸ್‌ಗಳಲ್ಲೇ ಇದೆ.

ಬುತ್ತಿ ಡಬ್ಬಿಯ ವಿಷಯ ಹೇಳದೆ ಫಾಸ್ಟರ್ ಬಗ್ಗೆ ಬರೆಯಲಾಗದು. 1995ರಲ್ಲಿ ಅವರು ಮತ್ತು ಶಾರ್ಪ್‌ಲೆಸ್ ಕಲ್ಲಿದ್ದಲು ಗಣಿ ಕಾರ್ಮಿಕರೊಬ್ಬರ ಹಳೆಯ, ಜಜ್ಜಿಹೋದ ತಗಡಿನ ಡಬ್ಬಿಯೊಂದನ್ನು ಡಿಫೆನ್ಸ್‌ನ ಗುರುತಾಗಿ ತಂದಿಟ್ಟರು. ಋತುವಿನ ಗುರಿಗಳನ್ನು ಬರೆದು ಆಟಗಾರರು ಸಹಿ ಹಾಕಿದ ಹಾಳೆ ಅದರೊಳಗೆ ಹೋಗುತ್ತಿತ್ತು, ಪಂದ್ಯದ ದಿನ ಡಿಫೆನ್ಸ್‌ನ ಆಟಗಾರರೊಬ್ಬರು ಅದನ್ನು ಹಿಡಿದು ಬರುತ್ತಿದ್ದರು. ನೈರುತ್ಯ ವರ್ಜೀನಿಯಾ ಗಣಿಗಳ ನಾಡು. ಬುತ್ತಿ ಕಟ್ಟಿಕೊಂಡು ನೆಲದೊಳಗೆ ಇಳಿದವರ ಮಕ್ಕಳು, ಮೊಮ್ಮಕ್ಕಳು ಟೆಕ್‌ನ ಲೇನ್ ಸ್ಟೇಡಿಯಂನ ಆಸನಗಳಲ್ಲಿ ಕೂತಿರುತ್ತಿದ್ದರು, ಹಾಗಾಗಿ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 2007ರ ಏಪ್ರಿಲ್ 16ರಂದು ಕ್ಯಾಂಪಸ್‌ನಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸತ್ತ 32 ಮಂದಿಯ ಹೆಸರುಗಳನ್ನು ಆ ವರ್ಷ ಅದೇ ಡಬ್ಬಿಯಲ್ಲಿಟ್ಟು ಹೊತ್ತರು.

ಅಂಕಿಗಳ ಉತ್ತುಂಗ 2005 ಮತ್ತು 2006. ಎರಡೂ ವರ್ಷ ಒಟ್ಟು ಗಜಗಳ ಲೆಕ್ಕದಲ್ಲಿ ಟೆಕ್ ಡಿಫೆನ್ಸ್ ದೇಶಕ್ಕೇ ಮೊದಲು. 2006ರಲ್ಲಿ ಪಂದ್ಯಕ್ಕೆ ಸರಾಸರಿ ಸುಮಾರು 220 ಗಜ, 11 ಅಂಕ ಅಷ್ಟೇ ಬಿಟ್ಟುಕೊಟ್ಟರು. ವಿನ್ಸ್ ಹಾಲ್ ಮತ್ತು ಝೇವಿಯರ್ ಅಡೀಬಿ ಜೊತೆಯಾಗಿ ಬೆಳೆದ ಲೈನ್‌ಬ್ಯಾಕರ್‌ಗಳು. ಒಬ್ಬ ಸಂದು ತುಂಬಿದರೆ ಇನ್ನೊಬ್ಬ ತಾನಾಗಿ ಪಕ್ಕದ ಸಂದಿಗೆ ಜರುಗುತ್ತಿದ್ದರು. ಆ ವರ್ಷ ಫಾಸ್ಟರ್ ಅವರಿಗೆ ಬ್ರಾಯ್ಲ್ಸ್ ಪ್ರಶಸ್ತಿ ಬಂತು. ಆರ್ಕನ್ಸಾದ ಹೆಡ್ ಕೋಚ್ ಆಗಿದ್ದ ಫ್ರಾಂಕ್ ಬ್ರಾಯ್ಲ್ಸ್ ಹೆಸರಿನಲ್ಲಿ 1996ರಿಂದ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಗೌರವ ಅದು. ಮೊದಲ ವರ್ಷ ಪಡೆದವರು ಮಿಕ್ಕಿ ಆ್ಯಂಡ್ರ್ಯೂಸ್, ಆ ಶುಗರ್ ಬೌಲ್‌ನಲ್ಲಿ ಫ್ಲೋರಿಡಾ ಸ್ಟೇಟ್‌ನ ಡಿಫೆನ್ಸ್ ನಡೆಸಿದವರು. ಆದರೆ 2006ರ ಕೊನೆಯ ಪಂದ್ಯದಲ್ಲಿ ಜಾರ್ಜಿಯಾ ವಿರುದ್ಧ ಅರ್ಧಕ್ಕೆ 21-3ರಿಂದ ಮುಂದಿದ್ದೂ 31-24ರಿಂದ ಸೋತರು. ಟೆಕ್‌ನ ದಾಳಿ ಎರಡನೆಯ ಅರ್ಧದಲ್ಲಿ ಮತ್ತೆಮತ್ತೆ ಚೆಂಡು ಕಳೆದುಕೊಂಡು ಡಿಫೆನ್ಸ್ ಅನ್ನು ಉಸಿರಾಡಲು ಬಿಡದೆ ಮೈದಾನಕ್ಕೆ ಅಟ್ಟಿತ್ತು. ಇದಕ್ಕಿಂತ ಸಂಕಟದ್ದು 2014ರಲ್ಲಿ: ವೇಕ್ ಫಾರೆಸ್ಟ್ ವಿರುದ್ಧ ನಾಲ್ಕು ಕ್ವಾರ್ಟರ್ ಮುಗಿದಾಗ 0-0, ಎರಡು ಓವರ್‌ಟೈಮ್ ಆಡಿ 6-3ರಿಂದ ಸೋಲು. ಸಹಾಯಕ ಕೋಚ್‌ನ ಕೈಗೆ ಎಟುಕದ ಭಾಗ ಇದು.

ಈ ನಡುವೆ ಆಟವೇ ಬದಲಾಗಿತ್ತು. ಫುಲ್‌ಬ್ಯಾಕ್ ಮಾಯವಾಗಿ ಅವನ ಜಾಗಕ್ಕೆ ಅಂಚಿನಲ್ಲಿ ನಾಲ್ಕನೆಯ ರಿಸೀವರ್ ಬಂದ. ವಿಪ್ ಅವನ ಹಿಂದೆ ಓಡಬೇಕಾಯಿತು, ಹಾಗಾಗಿ ಆ ಜಾಗಕ್ಕೆ ಹೆಚ್ಚು ಹೆಚ್ಚಾಗಿ ಐದನೆಯ ಡಿಫೆನ್ಸಿವ್ ಬ್ಯಾಕ್ (ಪಾಸ್ ಕಾಯುವವರು) ಬಂದರು. ಕ್ವಾರ್ಟರ್‌ಬ್ಯಾಕ್ ತಾನೇ ಓಡತೊಡಗಿದ್ದು ಇನ್ನೂ ದೊಡ್ಡ ಪೆಟ್ಟು. ಮೊದಲು ಚೆಂಡು ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದವನು ಈಗ ಓಟಗಾರ, ಓಟಗಾರನಾಗಿದ್ದವನು ಈಗ ಅಡ್ಡ ಹಾಯುವವನು. ಫಾಸ್ಟರ್ ಕಷ್ಟಪಟ್ಟು ಸಂಪಾದಿಸಿದ ಆ ಒಬ್ಬ ಹೆಚ್ಚಿನ ಆಳು ಲೆಕ್ಕದಿಂದ ಅಳಿಸಿಹೋದ.

ಅವರ ಉತ್ತರ 2014ರ ಸೆಪ್ಟೆಂಬರ್ 6ರಂದು ಓಹಾಯೋ ಸ್ಟೇಟ್ ಮೈದಾನದಲ್ಲಿ ಕಂಡಿತು. ನನ್ನ ಲೆಕ್ಕದಲ್ಲಿ ಅವರ ವೃತ್ತಿಯ ಅತ್ಯುತ್ತಮ ರಾತ್ರಿ ಅದೇ. ಅವರು ಆಡಿಸಿದ್ದು ಬೇರ್ ಫ್ರಂಟ್: ದಾಳಿಯ ಸಾಲಿನ ನಡುವಿನ ಮೂವರ, ಅಂದರೆ ಸೆಂಟರ್ ಮತ್ತು ಇಬ್ಬರು ಗಾರ್ಡ್‌ಗಳ, ಮುಖಕ್ಕೆ ಒಬ್ಬೊಬ್ಬರು. ಹೀಗೆ ನಿಂತರೆ ಒಬ್ಬನನ್ನು ಇಬ್ಬರು ಸೇರಿ ತಳ್ಳುವುದು ಕಷ್ಟ, ನಡುವಿನ ಓಟ ಉಸಿರುಗಟ್ಟುತ್ತದೆ. ಸೇಫ್ಟಿಗಳನ್ನೂ ಮುಂದಕ್ಕೆ ತಂದು, ಹಿಂದೆ ಯಾರೂ ಇಲ್ಲದಂತೆ ಕಾರ್ನರ್‌ಗಳನ್ನು ರಿಸೀವರ್‌ಗಳಿಗೆ ಅಂಟಿಸಿದರು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಜೆ. ಟಿ. ಬ್ಯಾರೆಟ್‌ಗೆ ಅದು ಎರಡನೆಯ ಪಂದ್ಯ, ಅವರ ಮುಂದಿನ ಸಾಲಿನಲ್ಲೂ ಬಹುಪಾಲು ಹೊಸಬರು. ಬ್ಯಾರೆಟ್ ಎಸೆದ 29ರಲ್ಲಿ ತಲುಪಿದ್ದು 9. ಟೆಕ್‌ನವರೇ ಪಾಸ್ ಹಿಡಿದ ಇಂಟರ್‌ಸೆಪ್ಷನ್ ಮೂರು, ಸ್ಯಾಕ್ ಏಳು, ಫಲಿತಾಂಶ 35-21. ಆ ಋತುವಿನಲ್ಲಿ ಓಹಾಯೋ ಸ್ಟೇಟ್ ಸೋತದ್ದು ಇದೊಂದೇ. ಕೊನೆಗೆ ಮೊದಲ ಪ್ಲೇಆಫ್‌ನ ರಾಷ್ಟ್ರೀಯ ಪಟ್ಟ ಗೆದ್ದವರೂ ಅವರೇ.

ಮುಂದಿನ ವಾರವೇ ಟೆಕ್ ಸ್ವಂತ ಮೈದಾನದಲ್ಲಿ ಈಸ್ಟ್ ಕೆರೊಲಿನಾಗೆ 28-21ರಿಂದ ಸೋತಿತು. ಅದು ಚೆಂಡನ್ನು ಬೇಗ ಎಸೆದು ಮೈದಾನದ ಅಗಲವನ್ನೆಲ್ಲ ಬಳಸುವ ತಂಡ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಬ್ಲಿಟ್ಜ್ ತಲುಪುವ ಮೊದಲೇ ಚೆಂಡು ಕೈಬಿಟ್ಟಿರುತ್ತದೆ. ಬೇರ್ ಫ್ರಂಟ್ ಅಲ್ಲಿ ಕೆಲಸಕ್ಕೆ ಬರುವ ಆಯುಧವೇ ಅಲ್ಲ.

2015ರ ಕೊನೆಗೆ ಬೀಮರ್ ನಿವೃತ್ತರಾದರು. ಹೊಸ ಹೆಡ್ ಕೋಚ್ ಬಂದರೆ ಹಳೆಯ ಸಹಾಯಕರು ಗಂಟುಮೂಟೆ ಕಟ್ಟುವುದು ರೂಢಿ. ಜಸ್ಟಿನ್ ಫುವೆಂಟೆ ಫಾಸ್ಟರ್ ಅವರನ್ನು ಉಳಿಸಿಕೊಂಡರು. 2016ರ ಬೆಲ್ಕ್ ಬೌಲ್‌ನಲ್ಲಿ ಅರ್ಧಕ್ಕೆ 0-24ರಿಂದ ಹಿಂದಿದ್ದ ತಂಡ ಆರ್ಕನ್ಸಾಗೆ ಮತ್ತೊಂದು ಅಂಕವನ್ನೂ ಕೊಡದೆ 35-24ರಿಂದ ಗೆದ್ದಿತು. ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ 2018ರ ಡ್ರಾಫ್ಟ್‌ನಲ್ಲಿ ಅವರ ಡಿಫೆನ್ಸ್‌ನ ಟ್ರೆಮೇನ್ ಎಡ್ಮಂಡ್ಸ್ 16ನೆಯವರಾಗಿ, ಅಣ್ಣ ಟೆರೆಲ್ 28ನೆಯವರಾಗಿ ಆಯ್ಕೆಯಾದರು. ಅಣ್ಣತಮ್ಮ ಇಬ್ಬರೂ ಒಂದೇ ವರ್ಷ ಮೊದಲ ಸುತ್ತಿನಲ್ಲಿ ಹೋದದ್ದು ಅದೇ ಮೊದಲು. ಅವರಿಗಿಂತ ಮುಂಚೆ ಡಿಆಂಜೆಲೋ ಹಾಲ್, ಕ್ಯಾಮ್ ಚಾನ್ಸೆಲರ್, ಕೈಲ್ ಫುಲ್ಲರ್ ಇದೇ ಡಿಫೆನ್ಸ್‌ನಿಂದ ವೃತ್ತಿಪರ ತಂಡಗಳಿಗೆ ಹೋಗಿದ್ದರು.

ಅಂಥವರು ಒಟ್ಟಿಗೆ ಹೊರಟುಹೋದಾಗ 2018ರಲ್ಲಿ ಮನೆ ಖಾಲಿಯಾಯಿತು. ಓಲ್ಡ್ ಡೊಮಿನಿಯನ್ ಎದುರು 632 ಗಜ ಕೊಟ್ಟು 49-35ರ ಸೋಲು, ಪಿಟ್ಸ್‌ಬರ್ಗ್ ಎದುರು 52-22. ಪಿಟ್ಸ್‌ಬರ್ಗ್ ಬರೀ ಓಟದಲ್ಲೇ 492 ಗಜ ಗಳಿಸಿತು, ಅದರಲ್ಲಿ ಒಂದೇ ಓಟ 97 ಗಜದ್ದು. ಎಂಟು ಜನ ಮುಂದಿದ್ದರೂ ಒಬ್ಬ ತನ್ನ ಸಂದು ಬಿಟ್ಟು ಪಕ್ಕದವನ ಸಂದಿಗೆ ನುಗ್ಗಿದರೆ ಹಿಂದೆ ಹಿಡಿಯುವವರಿಲ್ಲ. ಎಳೆಯ ಆಟಗಾರರು ಮಾಡುವ ತಪ್ಪು ಅದೇ.

2019ರ ಆಗಸ್ಟ್‌ನಲ್ಲಿ ಫಾಸ್ಟರ್ ಇದೇ ಕೊನೆಯ ಋತು ಎಂದು ತಿಳಿಸಿದರು. ಹಿಂದಿನ ವರ್ಷ ಒದೆ ತಿಂದ ಹುಡುಗರೇ ಒಂದು ವರ್ಷ ಹಿರಿಯರಾಗಿದ್ದರು. ನವೆಂಬರ್ 16ರಂದು ಜಾರ್ಜಿಯಾ ಟೆಕ್ ವಿರುದ್ಧ 45-0ರ ಗೆಲುವು. ನವೆಂಬರ್ 23ರಂದು ಲೇನ್ ಸ್ಟೇಡಿಯಂನಲ್ಲಿ ಫಾಸ್ಟರ್ ಅವರ ಕೊನೆಯ ಪಂದ್ಯ, ಎದುರಿಗೆ ಅದೇ ಪಿಟ್ಸ್‌ಬರ್ಗ್. 28-0ರ ಗೆಲುವು.

ಉಳಿದ ಎರಡು ಪಂದ್ಯಗಳಲ್ಲಿ ಹಳೆಯ ಲೆಕ್ಕ ಮತ್ತೆ ಎದುರು ನಿಂತಿತು. ವರ್ಜೀನಿಯಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಪರ್ಕಿನ್ಸ್ ಓಡಿಯೇ 164 ಗಜ ಗಳಿಸಿದರು, ಟೆಕ್‌ಗೆ 39-30ರ ಸೋಲು. ಡಿಸೆಂಬರ್ 31ರ ಬೆಲ್ಕ್ ಬೌಲ್‌ನಲ್ಲಿ ಕೆಂಟಕಿ ತಂಡ ಲಿನ್ ಬೌಡನ್ ಎಂಬ ರಿಸೀವರ್‌ನನ್ನೇ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ನಿಲ್ಲಿಸಿತ್ತು. ಅವರು ಓಡಿದ್ದು 233 ಗಜ. ಮತ್ತೆ ಓಡುತ್ತಾರೆಂದೇ ಎಲ್ಲರ ಕಣ್ಣಿದ್ದಾಗ, 15 ಸೆಕೆಂಡ್ ಉಳಿದಿರುವಂತೆ, ಬೌಡನ್ ಕೊನೆಯ ಗೆರೆಯಾಚೆಯ ಎಂಡ್ ಝೋನ್‌ಗೆ 13 ಗಜದ ಪಾಸ್ ಎಸೆದು ಪಂದ್ಯ ಗೆದ್ದರು.